ಒಂಬತ್ತು ಒತ್ತಿದರೆ ಈಗಲೂ ನಾನೇ ಸಿಗುತ್ತೇನೆ

ಐದಕ್ಕೆ ಮೂರೂವರೆ. ಮೊದಲೇ ಹೇಳಿಬಿಡುತ್ತೇನೆ, ತುಂಬ ಜನ ಅಂಕ ನೋಡಿಕೊಂಡು ಹೊರಟುಬಿಡುತ್ತಾರೆ. ನಮ್ಮ ಕಾಲೇಜಿನ ಕ್ಯಾಂಪಸ್ಸಿನ ಫೋನುಗಳನ್ನೆಲ್ಲ ಹಳೆಯ ಎಕ್ಸ್‌ಚೇಂಜ್ ಬಿಡಿಸಿ ಇಂಟರ್ನೆಟ್ ಫೋನಿಗೆ ಬದಲಾಯಿಸಿ ಒಂದು ವರ್ಷ ಎರಡು ತಿಂಗಳಾಯಿತು. ಮೊದಲ ವಾರ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಮೂರನೇ ತಿಂಗಳಲ್ಲಿ ಕೇಳಿದ್ದರೆ ಒಂದು ಕೊಟ್ಟು, ಅದನ್ನೂ ವಾಪಸ್ ಕೇಳುತ್ತಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹಾಗಾಗಿ ಗೋಣಿಯ ಹೊಸತನ ಹೋಗುವವರೆಗೂ ಕಾದು ಬರೆಯುತ್ತಿದ್ದೇನೆ.

ನಾನು ಟೆಲಿಫೋನ್ ಆಪರೇಟರ್. 19 ವರ್ಷದಿಂದ ಇದೇ ಕೆಲಸ. ಕ್ಯಾಂಪಸ್ಸಿನ ಯಾವ ಇಂಟರ್‌ಕಾಮಿನಿಂದ ಒಂಬತ್ತು ಒತ್ತಿದರೂ ನಾನು ಸಿಗುತ್ತೇನೆ. "ಮೇಡಂ, ಬಾಟನಿಗೆ ಕೊಡಿ." "ಅಕ್ಕ, ವಾರ್ಡನ್ ಎತ್ತುತ್ತಿಲ್ಲ, ಎಲ್ಲಿ ಹೋಗಿದ್ದಾರೆ ನೋಡಿ." ವಾರ್ಡನ್ ಎಲ್ಲಿ ಹೋಗಿದ್ದಾರೆ ಅಂತ ಫೋನ್ ಆಪರೇಟರಿಗೆ ಹೇಗೆ ಗೊತ್ತಾಗಬೇಕು? ಆದರೆ ಗೊತ್ತಿರುತ್ತದೆ, ಅದು ಬೇರೆ ಮಾತು. ನಾನು ಇಂಜಿನಿಯರ್ ಅಲ್ಲ. ನನಗೆ ಗೊತ್ತಿರುವ ತಾಂತ್ರಿಕ ವಿಷಯವೆಲ್ಲ ನಮ್ಮ ನೆಟ್‌ವರ್ಕ್ ಹುಡುಗನ ಪಕ್ಕ ಕೂತು, ಅವನನ್ನು ಕೇಳಿ ಕೇಳಿ ಸಾಕುಮಾಡಿ ಕಲಿತದ್ದು.

ಹಳೆಯದು ಬಟ್ಟೆ ಬೀರುವಿನಷ್ಟು ದೊಡ್ಡ ಇಪಿಎಬಿಎಕ್ಸ್, ಅಂದರೆ ಕ್ಯಾಂಪಸ್ಸಿನದ್ದೇ ಆದ ಎಕ್ಸ್‌ಚೇಂಜ್. ಪಕ್ಕದಲ್ಲಿ ಬ್ಯಾಟರಿಗಳ ಸಾಲು, 48 ವೋಲ್ಟ್. ಎದುರು ಗೋಡೆ ತುಂಬ ಟ್ಯಾಗ್ ಬ್ಲಾಕ್ ಅನ್ನೋ ತಂತಿ ಜೋಡಿಸುವ ಪಟ್ಟಿಗಳು, ಅದರ ತುಂಬ ಬಣ್ಣಬಣ್ಣದ ಜೋಡಿ ತಂತಿಗಳು. ಲೆಕ್ಕದ ಪ್ರಕಾರ 412 ಎಕ್ಸ್‌ಟೆನ್ಶನ್. ಹೊರಗಿನ ಕರೆಗೆ ಒಂದು ಪಿಆರ್‌ಐ ಲೈನ್, ಅದರಲ್ಲಿ 30 ಚಾನೆಲ್. ಅಂದರೆ ಒಂದೇ ಹೊತ್ತಿಗೆ 30 ಜನ ಹೊರಗಿನವರ ಹತ್ತಿರ ಮಾತಾಡಬಹುದು. ಅಡ್ಮಿಷನ್ ಶುರುವಾದ ದಿನ 31ನೆಯವರಿಗೆ ಎಂಗೇಜ್ ಟೋನ್. ಆ ಟೋನ್ ಕೇಳಿ ಕೇಳಿ ಸಿಟ್ಟಾದವರು ಕೊನೆಗೆ ಲೈನ್ ಸಿಕ್ಕಾಗ ಬೈಯುವುದು ನನಗೆ. ಎಕ್ಸ್‌ಚೇಂಜಿನ ಕಾರ್ಡುಗಳು ಒಂದೊಂದಾಗಿ ಕೈಕೊಡುತ್ತಿದ್ದವು, ಬದಲಿ ಕಾರ್ಡ್ ಎಲ್ಲೂ ಸಿಗುತ್ತಿರಲಿಲ್ಲ. ಬದಲಾಯಿಸಲೇಬೇಕಿತ್ತು. ಅದರಲ್ಲಿ ನನ್ನ ತಕರಾರಿಲ್ಲ.

ಹೊಸದರ ಕೆಲಸ ಹೀಗೆ. ಮಾತನ್ನು ಸಣ್ಣ ಸಣ್ಣ ತುಂಡು ಮಾಡಿ, ಕಂಪ್ಯೂಟರಿನ ಡೇಟಾ ಓಡಾಡುವ ಅದೇ ಕೇಬಲ್ಲಿನಲ್ಲಿ ಕಳಿಸುತ್ತದೆ. ಒಂದೊಂದು ತುಂಡಿನಲ್ಲಿ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತು. ನೀವು "ಹಲೋ" ಅನ್ನುವಷ್ಟರಲ್ಲಿ ಇಪ್ಪತ್ತೋ ಇಪ್ಪತ್ತೈದೋ ತುಂಡು ಹೊರಟುಹೋಗಿರುತ್ತವೆ. ಆ ಕಡೆಯ ಫೋನು ಅವನ್ನು ಸಾಲಾಗಿ ಜೋಡಿಸಿ ಕೇಳಿಸುತ್ತದೆ. ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ, ಯಾರ ಗಂಟೆ ಬಾರಿಸಬೇಕು, ಯಾವಾಗ ಇಡಬೇಕು ಅನ್ನೋ ಮಾತುಕತೆಗೆ ಎಸ್‌ಐಪಿ ಅಂತ ಒಂದು ಭಾಷೆ. ಈಗ ಎಲ್ಲರೂ ಬಳಸುವ ರೂಪ 2002ರದ್ದು. ಬೀರು ಮಾಡುತ್ತಿದ್ದ ಕೆಲಸಕ್ಕೆ ಈಗ ಪಿಜ್ಜಾ ಡಬ್ಬದಂಥ ಎರಡು ಚಪ್ಪಟೆ ಸರ್ವರ್. ಎರಡು ಯಾಕೆ ಅಂದರೆ ಒಂದು ಹೋದರೆ ಇನ್ನೊಂದು.

ಕಂಪನಿಯವರು ಮೊದಲ ದಿನ ಬಂದು ಕೇಳಿದ್ದು ಒಂದೇ. "ಮೇಡಂ, ಎಕ್ಸ್‌ಟೆನ್ಶನ್ ಲಿಸ್ಟ್ ಎಕ್ಸೆಲ್‌ನಲ್ಲಿ ಕೊಟ್ಟುಬಿಡಿ." ನಾನು ನಕ್ಕೆ. ಲಿಸ್ಟ್ ಇತ್ತು. ಅರ್ಧ ನನ್ನ ಡೈರಿಯಲ್ಲಿ, ಕಾಲು ಭಾಗ ಟ್ಯಾಗ್ ಬ್ಲಾಕಿನ ಮೇಲೆ ಅಂಟಿಸಿದ ಮಾಸಿದ ಚೀಟಿಗಳಲ್ಲಿ, ಉಳಿದದ್ದು ತಲೆಯಲ್ಲಿ. ಎಷ್ಟೋ ನಂಬರುಗಳ ಹೆಸರು ನಿವೃತ್ತರಾದವರದ್ದು. ಕೆಲವರು ಈಗ ಇಲ್ಲವೇ ಇಲ್ಲ, ಅವರ ಹೆಸರಿನ ಫೋನು ಮಾತ್ರ ಇದೆ.

ನಾನೂ ನೆಟ್‌ವರ್ಕ್ ಹುಡುಗನೂ ಇಡೀ ಕ್ಯಾಂಪಸ್ ನಡೆದೆವು. ಹನ್ನೊಂದು ದಿನ. ಒಂದೊಂದು ಕೋಣೆಗೂ ಹೋಗಿ ರಿಸೀವರ್ ಎತ್ತುವುದು, ನನ್ನ ಜಾಗದಲ್ಲಿ ಕೂತ ಸಹಾಯಕಿಗೆ ಫೋನ್ ಮಾಡುವುದು, ಅವಳ ಬೋರ್ಡಿನಲ್ಲಿ ಯಾವ ನಂಬರ್ ಬಂತು ಅಂತ ಬರೆದುಕೊಳ್ಳುವುದು. ಈ ಕೆಲಸಕ್ಕೆ ಕಂಪನಿ ಇಟ್ಟಿದ್ದು ಎರಡು ದಿನ! ನನ್ನನ್ನು ಕೇಳಿದರೆ ಇಡೀ ಬದಲಾವಣೆಯಲ್ಲಿ ನಿಜವಾದ ಕೆಲಸ ಇದೊಂದೇ. ಉಳಿದದ್ದು ಡಬ್ಬ ಒಡೆಯುವುದು, ವೈರ್ ಚುಚ್ಚುವುದು.

ಏನೇನು ಸಿಕ್ಕಿತು ಅಂತೀರಿ? 412ರಲ್ಲಿ 63 ಸತ್ತ ಲೈನು. ಅವು ಸತ್ತಿವೆ ಅಂತ ಯಾರೂ ದೂರು ಕೊಟ್ಟೇ ಇರಲಿಲ್ಲ. ಒಂದು ಫೋನು ಕಪಾಟಿನ ಹಿಂದೆ ನೆಲದ ಮೇಲೆ ಕೂತು ಜೀವಂತವಾಗಿತ್ತು. ಅದಕ್ಕೆ ರಿಂಗ್ ಬಂದಾಗಲೆಲ್ಲ ಪಕ್ಕದ ಕೋಣೆಯವರು ಇನ್ನೊಬ್ಬರದ್ದು ಅಂದುಕೊಂಡಿದ್ದರಂತೆ. ಎಷ್ಟು ವರ್ಷದಿಂದಲೋ.

ಆದರೆ ಮುಖ್ಯವಾದದ್ದು ಬೇರೆ. ಕೆಲವು ಲೈನುಗಳ ತುದಿಯಲ್ಲಿ ಮನುಷ್ಯರೇ ಇರಲಿಲ್ಲ. ಲಿಫ್ಟಿನ ಒಳಗೆ ಬಟನ್ ಒತ್ತಿದರೆ ಮಾತಾಡುವ ಫೋನು ಇರುತ್ತದಲ್ಲ, ಅದೂ ನಮ್ಮದೇ ಎಕ್ಸ್‌ಟೆನ್ಶನ್. ಬೆಂಕಿಯ ಅಲಾರಂ ಪೆಟ್ಟಿಗೆ, ಹೊಗೆ ಕಂಡರೆ ತಾನೇ ಡಯಲ್ ಮಾಡಲು ಒಂದು ಲೈನು. ಪರೀಕ್ಷಾ ವಿಭಾಗದ ಫ್ಯಾಕ್ಸ್. ಕ್ಯಾಶ್ ಕೌಂಟರಿನ ಹಳೆಯ ಕಾರ್ಡ್ ಮೆಷಿನ್. ಪಂಪ್ ಹೌಸ್. ದೂರದ ಗೇಟಿನ ಕಾವಲು ಗೂಡು. ಇವು ಯಾವುವೂ ಕಂಪನಿಯ ಅಂದಾಜಿನಲ್ಲಿ ಇರಲಿಲ್ಲ. ಮೇಜಿನ ಮೇಲೆ ಫೋನಿದ್ದು, ಅದರ ಹಿಂದೆ ಒಬ್ಬ ಮನುಷ್ಯ ಕೂತಿದ್ದರೆ ಮಾತ್ರ ಅವರ ಲೆಕ್ಕಕ್ಕೆ ಅದು ಫೋನು.

ಗೇಟಿನ ಕಥೆ ಕೇಳಿ. ಹಳೆಯ ಫೋನಿನ ತಂತಿ ಕಿಲೋಮೀಟರುಗಟ್ಟಲೆ ಹೋದರೂ ಕೆಲಸ ಮಾಡುತ್ತದೆ. ಹೊಸ ಫೋನಿಗೆ ಬೇಕಾದ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಮಾತ್ರ. ಗೇಟು ಇರುವುದು 400 ಮೀಟರ್ ಆಚೆ. ಅಲ್ಲಿಗೆ ಫೈಬರ್ ಎಳೆಯಬೇಕು, ಗೂಡಿನಲ್ಲಿ ಒಂದು ಸ್ವಿಚ್ (ನೆಟ್‌ವರ್ಕ್ ಕೇಬಲ್ಲುಗಳನ್ನು ಕೂಡಿಸುವ ಪೆಟ್ಟಿಗೆ) ಇಡಬೇಕು, ಅದಕ್ಕೆ ಕರೆಂಟ್ ಬೇಕು, ಕರೆಂಟ್ ಹೋದರೆ ಬ್ಯಾಟರಿ ಬೇಕು. ಒಂದು ಫೋನಿಗೆ ಇಷ್ಟು! ಕೊನೆಗೆ ನೆಟ್‌ವರ್ಕ್ ಹುಡುಗ ಒಂದು ಉಪಾಯ ಮಾಡಿದ. ಎಕ್ಸ್‌ಚೇಂಜ್ ಕೋಣೆಯಲ್ಲಿ ಅನಲಾಗ್ ಗೇಟ್‌ವೇ ಅಂತ ಒಂದು ಸಣ್ಣ ಪೆಟ್ಟಿಗೆ ಇಟ್ಟ. ಅದರ ಒಂದು ಕಡೆ ಹೊಸ ನೆಟ್‌ವರ್ಕ್, ಇನ್ನೊಂದು ಕಡೆ ಹಳೆಯ ತಾಮ್ರದ ತಂತಿ. ಗೇಟಿನ ಹಳೆಯ ಕಪ್ಪು ಫೋನು ಹಾಗೇ ಉಳಿಯಿತು. ಅದಕ್ಕೆ ತಾನು ಇಂಟರ್ನೆಟ್ ಫೋನ್ ಆಗಿರುವುದು ಗೊತ್ತೇ ಇಲ್ಲ. ಲಿಫ್ಟು, ಪಂಪ್ ಹೌಸ್ ಎಲ್ಲವೂ ಹೀಗೇ. ಫ್ಯಾಕ್ಸ್ ಮಾತ್ರ ತುಂಬ ಕಾಡಿತು. ಮಾತಿನಲ್ಲಿ ಒಂದೆರಡು ತುಂಡು ಕಳೆದರೆ ಮನುಷ್ಯರ ಕಿವಿ ಹೊಂದಿಸಿಕೊಳ್ಳುತ್ತದೆ, ಫ್ಯಾಕ್ಸ್ ಮೆಷಿನ್ ಹೊಂದಿಸಿಕೊಳ್ಳುವುದಿಲ್ಲ. ಅರ್ಧ ಪುಟ ಕಳಿಸಿ ಮುಷ್ಕರ ಹೂಡುತ್ತಿತ್ತು. ಅದಕ್ಕೆಂದೇ ಟಿ.38 ಅಂತ ಬೇರೆ ವಿಧಾನ ಇದೆಯಂತೆ. ಅದನ್ನು ಹಾಕಿದ ಮೇಲೆ ಹತ್ತಕ್ಕೆ ಒಂಬತ್ತು ಹೋಗುತ್ತವೆ. ಪರೀಕ್ಷಾ ವಿಭಾಗದವರು ಆ ಹತ್ತನೆಯದನ್ನು ಮಾತ್ರ ನನಗೆ ನೆನಪಿಸುತ್ತಾರೆ.

ಧ್ವನಿಗೆ ಪೂರ್ತಿ ಅಂಕ. ಇದರಲ್ಲಿ ಜಿಪುಣತನ ಮಾಡುವುದಿಲ್ಲ. ಹಳೆಯ ಫೋನು 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತಿತ್ತು. ಸಕಾರ, ಫಕಾರಗಳ ಗುರುತು ಹೆಚ್ಚಾಗಿ ಸಿಗುವುದು ಅದಕ್ಕಿಂತ ಮೇಲೆ. ಅದಕ್ಕೇ 19 ವರ್ಷ ನಾನು "ಎಸ್ ಅಂದ್ರಾ, ಎಫ್ ಅಂದ್ರಾ?" ಅಂತ ಕೇಳುತ್ತಲೇ ಇದ್ದೆ. ಹೊಸ ಫೋನಿನಲ್ಲಿ ಜಿ.722 ಅನ್ನೋ ಕೋಡೆಕ್, ಅಂದರೆ ದನಿಯನ್ನು ಡೇಟಾ ಮಾಡುವ ವಿಧಾನ, ಇದೆ. ಅದು 7000 ಹರ್ಟ್ಸ್‌ವರೆಗೂ ಸಾಗಿಸುತ್ತದೆ. ಕ್ಯಾಂಪಸ್ಸಿನೊಳಗೆ ಈಗ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಹೊರಗಿನ ಕರೆಗಳು ಬಹುಪಾಲು ಹಳೆಯ ಹಾಗೇ. ದಾರಿಯಲ್ಲಿರುವ ಎಲ್ಲರೂ ಒಪ್ಪಿದರೆ ಮಾತ್ರ ಆ ಒಳ್ಳೆಯ ದನಿ ಸಿಗುವುದು.

ಒಂದು ತಮಾಷೆ. ದನಿ ಎಷ್ಟು ಚೊಕ್ಕ ಅಂದರೆ, ಮಾತು ನಿಂತಾಗ ಪೂರ್ತಿ ನಿಶ್ಶಬ್ದ. ಹಳೆಯದರಲ್ಲಿ ಸುಮ್ನೆ ಒಂದು ಸಣ್ಣ ಸುಂಯ್ ಅನ್ನೋ ಸದ್ದು ಇರುತ್ತಿತ್ತು. ಈಗ ಆ ಕಡೆಯವರು ಯೋಚಿಸಲು ಎರಡು ಸೆಕೆಂಡ್ ಸುಮ್ಮನಾದರೆ, ಈ ಕಡೆಯವರು "ಹಲೋ? ಹಲೋ?" ಅಂತ ಇಟ್ಟುಬಿಡುತ್ತಿದ್ದರು. ಕೊನೆಗೆ ಏನು ಮಾಡಿದರು ಗೊತ್ತಾ? ಫೋನೇ ಒಂದು ಸುಳ್ಳು ಸುಂಯ್ ಹುಟ್ಟಿಸುವ ಹಾಗೆ ಸೆಟ್ ಮಾಡಿದರು. ಅದಕ್ಕೆ ಕಂಫರ್ಟ್ ನಾಯ್ಸ್ ಅಂತಾರೆ. ಕೋಟಿ ಸಲ ತುಂಡು ಮಾಡಿ ಸ್ವಚ್ಛ ಮಾಡಿದ ದನಿಗೆ ಕೊನೆಯಲ್ಲಿ ಸ್ವಲ್ಪ ಕೊಳೆ ಸವರುವುದು!

ಇಂಟರ್ನೆಟ್ಟಿನ ವೇಗ ಸಾಲುವುದಿಲ್ಲ ಅಂತ ಎಲ್ಲರಿಗೂ ಭಯ ಇತ್ತು. ಅದು ಸುಳ್ಳು ಭಯ. ಒಂದು ಕರೆಗೆ ಬೇಕಾದದ್ದು ಹೆಚ್ಚೆಂದರೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್. ನೂರು ಜನ ಒಟ್ಟಿಗೆ ಮಾತಾಡಿದರೂ 9 ಮೆಗಾಬಿಟ್. ಹಾಸ್ಟೆಲ್ಲಿನ ನಾಲ್ಕು ಹುಡುಗರು ವಿಡಿಯೋ ನೋಡಿದರೆ ಅದಕ್ಕಿಂತ ಜಾಸ್ತಿ ಆಗುತ್ತದೆ. ತೊಂದರೆ ಇರುವುದು ಸಮಯಕ್ಕೆ ತಲುಪುವುದರಲ್ಲಿ. ಬಾಯಿಂದ ಕಿವಿಗೆ 150 ಮಿಲಿಸೆಕೆಂಡ್ ಒಳಗೆ ಹೋದರೆ ಮಾತು ಸಹಜ. ಅದಕ್ಕಿಂತ ತಡವಾದಷ್ಟೂ ಇಬ್ಬರೂ ಒಬ್ಬರ ಮೇಲೊಬ್ಬರು ಮಾತಾಡತೊಡಗುತ್ತಾರೆ. ಅದಕ್ಕೇ ಮಾತಿನ ತುಂಡುಗಳಿಗೆ ಬೇರೆ ವಿಲ್ಯಾನ್ (ಅದೇ ಕೇಬಲ್ಲಿನೊಳಗೆ ಒಂದು ಪ್ರತ್ಯೇಕ ದಾರಿ) ಮಾಡಿ, ಪ್ರತಿ ತುಂಡಿಗೂ ಒಂದು ಗುರುತು ಹಚ್ಚಿ, "ಇವರನ್ನು ಮೊದಲು ಬಿಡಿ" ಅಂತ ಸ್ವಿಚ್‌ಗಳಿಗೆ ಹೇಳಿಕೊಡಬೇಕು. ಎರಡು ಕಟ್ಟಡಗಳಲ್ಲಿ ಕಂಪನಿಯವರು ಇದನ್ನು ಮಾಡಲು ಮರೆತಿದ್ದರು. ಅಲ್ಲಿಯವರು ಒಂದು ತಿಂಗಳು ನೀರಿನೊಳಗಿಂದ ಮಾತಾಡಿದ ಹಾಗೆ ಮಾತಾಡಿದರು.

ಈಗ ಬೈಗುಳದ ಪಾಲು.

ಮೊದಲನೆಯದು 32 ಸೆಕೆಂಡಿನ ಭೂತ. ಕೆಲವು ಹೊರಗಿನ ಕರೆಗಳು ಹೆಚ್ಚುಕಡಿಮೆ ಅರ್ಧ ನಿಮಿಷಕ್ಕೆ ಕಟ್. ಜನ ನನಗೆ ಫೋನ್ ಮಾಡಿ "ಮೇಡಂ, ನೀವೇ ಕಟ್ ಮಾಡಿದ್ರಾ?" ಅಂತ ಕೇಳುತ್ತಿದ್ದರು. ನಾನು ಗಡಿಯಾರ ಇಟ್ಟುಕೊಂಡು ಬರೆದೆ. 32, 32, 32. ಕಂಪನಿಯವರು "ನಿಮ್ಮ ನೆಟ್‌ವರ್ಕ್ ಸರಿ ಇಲ್ಲ" ಅಂದರು. ಲೈನ್ ಕೊಟ್ಟವರು "ನಿಮ್ಮ ಸರ್ವರ್ ಸರಿ ಇಲ್ಲ" ಅಂದರು. ಇಂಟರ್ನೆಟ್ ಫೋನಿನ ದೊಡ್ಡ ಗುಣ ಇದು, ತಪ್ಪು ಯಾವಾಗಲೂ ಪಕ್ಕದ ಮನೆಯವರದ್ದು. ನಾನು ಬರೆದ ಚೀಟಿ ನೋಡಿದ ನೆಟ್‌ವರ್ಕ್ ಹುಡುಗ ಮಾತ್ರ ಹಿಡಿದುಬಿಟ್ಟ. ಫೋನ್ ಎತ್ತಿದ ಮೇಲೆ "ಸರಿ, ಗೊತ್ತಾಯಿತು" ಅಂತ ಆ ಕಡೆಯಿಂದ ಒಂದು ಉತ್ತರ ಬರಬೇಕಂತೆ. ಅದು ಬರದಿದ್ದರೆ ಎಸ್‌ಐಪಿ 32 ಸೆಕೆಂಡ್ ಕಾದು ಕರೆಯನ್ನು ಇಟ್ಟುಬಿಡುತ್ತದೆ. ರೌಟರಿನಲ್ಲಿ ಎಸ್‌ಐಪಿ ಎಎಲ್‌ಜಿ ಅಂತ ಒಂದು ಸೌಲಭ್ಯ, ಸಹಾಯ ಮಾಡಲು ಹೋಗಿ ವಿಳಾಸಗಳನ್ನು ಕೆಡಿಸುತ್ತಿತ್ತು. ಅದನ್ನು ಆಫ್ ಮಾಡಿದ. ಭೂತ ಹೋಯಿತು. ಆರು ವಾರದ ಜಗಳ, ಒಂದು ಟಿಕ್ ತೆಗೆಯುವ ಕೆಲಸ.

ಎರಡನೆಯದು ಗ್ರಂಥಾಲಯದ್ದು. ಹೊಸ ಮೇಜಿನ ಫೋನಿಗೆ ಹಿಂದೆ ಎರಡು ತೂತು. ಒಂದು ಗೋಡೆಯಿಂದ ಬರುವ ಕೇಬಲ್ಲಿಗೆ, ಇನ್ನೊಂದು ಪಕ್ಕದ ಕಂಪ್ಯೂಟರಿಗೆ ಕೊಡಲು. ಕಸ ಗುಡಿಸುವಾಗ ಯಾರೋ ಒಂದು ಬಿಡಿ ತುದಿ ನೇತಾಡುವುದನ್ನು ನೋಡಿ, ಪಾಪ, ಒಳ್ಳೆಯ ಮನಸ್ಸಿನಿಂದ ಗೋಡೆಯ ಖಾಲಿ ಸಾಕೆಟ್ಟಿಗೆ ಚುಚ್ಚಿದರು. ಎರಡೂ ತುದಿ ಗೋಡೆಗೆ. ಡೇಟಾ ಗಾಣದೆತ್ತಿನ ಹಾಗೆ ಸುತ್ತತೊಡಗಿತು. ಹತ್ತು ನಿಮಿಷದಲ್ಲಿ ಇಡೀ ಕಟ್ಟಡದ ನೆಟ್‌ವರ್ಕ್ ಕುಸಿಯಿತು. ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ. ಮೊದಲಾದರೆ ಫೋನ್ ಕೆಟ್ಟರೆ ಇಮೇಲ್ ಕಳಿಸಬಹುದಿತ್ತು, ಇಮೇಲ್ ಕೆಟ್ಟರೆ ಫೋನ್ ಮಾಡಬಹುದಿತ್ತು. ಈಗ ಎರಡೂ ಒಂದೇ ಹಗ್ಗಕ್ಕೆ ನೇತಾಡುತ್ತಿವೆ. ಗ್ರಂಥಪಾಲಕರು ದೂರು ಹೇಳಲು ನನ್ನ ಕೋಣೆಗೆ ನಡೆದುಕೊಂಡು ಬಂದರು. ಸ್ವಿಚ್‌ಗಳಲ್ಲಿ ಇಂಥ ಸುತ್ತನ್ನು ಹಿಡಿದು ಆ ಪೋರ್ಟ್ (ಕೇಬಲ್ ಚುಚ್ಚುವ ತೂತು) ಮುಚ್ಚುವ ವ್ಯವಸ್ಥೆ ಇರುತ್ತದೆ, ಮೊದಲ ದಿನವೇ ಅದನ್ನು ಆನ್ ಮಾಡಿಸಿ. ನಮಗೆ ಆಮೇಲೆ ಮಾಡಿದರು.

ಇನ್ನು ಕರೆಂಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಳೆಯ ಫೋನಿಗೆ ಮೇಜಿನ ಹತ್ತಿರ ಪ್ಲಗ್ ಇರಲಿಲ್ಲ, ಅಲ್ವಾ? ಅದಕ್ಕೆ ಶಕ್ತಿ ಬರುತ್ತಿದ್ದದ್ದು ನನ್ನ ಕೋಣೆಯ ಆ 48 ವೋಲ್ಟ್ ಬ್ಯಾಟರಿಯಿಂದ, ಅದೇ ಎರಡು ತಂತಿಯಲ್ಲಿ. ಇಡೀ ಕ್ಯಾಂಪಸ್ ಕತ್ತಲಾದರೂ ರಿಸೀವರ್ ಎತ್ತಿದರೆ ಡಯಲ್ ಟೋನ್ ಇರುತ್ತಿತ್ತು. ಜನ ಅದನ್ನು ಗಮನಿಸಿಯೇ ಇರಲಿಲ್ಲ. ಹೊಸ ಫೋನಿಗೂ ಕೇಬಲ್ಲಿನಲ್ಲೇ ಶಕ್ತಿ ಬರುತ್ತದೆ. ಪಿಒಇ ಅಂತಾರೆ, 2003ರಿಂದ ಬಂದ ಪದ್ಧತಿ, ಒಂದು ಪೋರ್ಟಿಗೆ 15.4 ವ್ಯಾಟ್‌ವರೆಗೆ. ಆದರೆ ಅದು ಬರುವುದು ನನ್ನ ಕೋಣೆಯಿಂದಲ್ಲ, ಆಯಾ ಕಟ್ಟಡದ ಮಹಡಿಯ ಮೂಲೆಯಲ್ಲಿರುವ ಸ್ವಿಚ್‌ನಿಂದ. ನಮ್ಮಲ್ಲಿ ಅಂಥ 27 ಮೂಲೆಗಳಿವೆ. ಪ್ರತಿ ಮೂಲೆಗೂ ಯುಪಿಎಸ್ ಬೇಕು, ಪ್ರತಿ ಯುಪಿಎಸ್‌ನ ಬ್ಯಾಟರಿಯನ್ನು ಯಾರಾದರೂ ನೆನಪಿಟ್ಟುಕೊಂಡು ಬದಲಾಯಿಸಬೇಕು. ಮೊದಲು ಒಂದು ಕಡೆ ನೋಡಿಕೊಂಡರೆ ಸಾಕಿತ್ತು.

ಟೆಂಡರಿನಲ್ಲಿ ಯುಪಿಎಸ್ ಇತ್ತು. ಉಳಿತಾಯ ಅಂತ ಒಂಬತ್ತು ಮೂಲೆಗಳಿಗೆ ಕೈಬಿಟ್ಟಿದ್ದರು. ಯಾವ ಒಂಬತ್ತು ಅಂತ ನಮಗೆ ಗೊತ್ತಾದದ್ದು ಮಳೆ ಬಂದ ಒಂದು ರಾತ್ರಿ. ಮಹಿಳಾ ಹಾಸ್ಟೆಲ್ ಅದರಲ್ಲಿ ಒಂದು. ಕರೆಂಟ್ ಹೋಯಿತು, ಫೋನುಗಳ ಪರದೆ ಆರಿದವು, ಒಂಬತ್ತು ಒತ್ತಲು ಏನೂ ಇರಲಿಲ್ಲ. ಏನೂ ಅನಾಹುತ ಆಗಲಿಲ್ಲ. ಆದರೆ ವಾರ್ಡನ್ ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಕರೆಂಟ್ ಬಂದ ಮೇಲೂ ಇನ್ನೊಂದು ಅವಾಂತರ. ನೂರಾರು ಫೋನು ಒಟ್ಟಿಗೆ ಎಚ್ಚರವಾಗಿ, ಒಟ್ಟಿಗೆ ಸರ್ವರಿನ ಬಾಗಿಲು ತಟ್ಟುತ್ತವೆ. ನಾನು ಇದ್ದೀನಿ, ನಾನು ಇದ್ದೀನಿ ಅಂತ. ಎಲ್ಲ ಸರಿಯಾಗಲು ಎಂಟೊಂಬತ್ತು ನಿಮಿಷ ಹಿಡಿಯಿತು. ಹಳೆಯದು ಎಚ್ಚರವಾಗಬೇಕಾಗಿರಲೇ ಇಲ್ಲ, ಮಲಗುತ್ತಲೇ ಇರಲಿಲ್ಲ.

ಮೂರೂವರೆಗಿಂತ ಒಂದು ಚೂರೂ ಮೇಲೆ ಹೋಗದ ಹಾಗೆ ನನ್ನನ್ನು ತಡೆದಿರುವುದು ಇದಲ್ಲ, ಕೆಮಿಸ್ಟ್ರಿ ಲ್ಯಾಬಿನ ಹೊಗೆ.

ಹಳೆಯ ಎಕ್ಸ್‌ಚೇಂಜಿನಲ್ಲಿ ನಂಬರ್ ಇರುತ್ತಿದ್ದದ್ದು ತಂತಿಗೆ. ತಂತಿ ಇರುತ್ತಿದ್ದದ್ದು ಗೋಡೆಗೆ. ಗೋಡೆ ಎಲ್ಲೂ ಹೋಗುವುದಿಲ್ಲ. ಹೊಸದರಲ್ಲಿ ನಂಬರ್ ಇರುವುದು ಫೋನಿನೊಳಗೆ. ಫೋನ್ ಕಿತ್ತು ಇನ್ನೊಂದು ಕಟ್ಟಡದಲ್ಲಿ ಚುಚ್ಚಿದರೆ ನಂಬರ್ ಅಲ್ಲಿಗೇ ಹೋಗುತ್ತದೆ. ಮಾರುವವರು ಇದನ್ನು ದೊಡ್ಡ ಅನುಕೂಲ ಅಂತ ತೋರಿಸುತ್ತಾರೆ. ಅನುಕೂಲವೇ. ಕೋಣೆ ಬದಲಾದರೆ ಮೊದಲು ಅರ್ಜಿ ಬರೆದು ಲೈನ್‌ಮ್ಯಾನಿಗೆ ಕಾಯಬೇಕಿತ್ತು, ಈಗ ಫೋನನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರಾಯಿತು. ಆಡಳಿತ ವಿಭಾಗದ ಒಂದು ಫೋನು ಹಾಗೇ ಹೋಗಿತ್ತು. ಕೆಮಿಸ್ಟ್ರಿ ಸ್ಟೋರಿನ ಫೋನು ಕೆಟ್ಟಿತ್ತು, ಯಾರೋ ಆಡಳಿತ ವಿಭಾಗದಲ್ಲಿ ಸುಮ್ನೆ ಬಿದ್ದಿದ್ದ ಒಂದನ್ನು ತಂದು ಚುಚ್ಚಿಕೊಂಡಿದ್ದರು. ಚೆನ್ನಾಗಿ ಕೆಲಸ ಮಾಡಿತು. ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಕರೆ ಬಂತು. "ಅಕ್ಕ, ಹೊಗೆ, ಬೇಗ ಕಳಿಸಿ." ಅಷ್ಟೇ, ಫೋನ್ ಇಟ್ಟುಬಿಟ್ಟರು. ನನ್ನ ಪರದೆಯ ಮೇಲೆ ಹೆಸರು: ಆಡಳಿತ ವಿಭಾಗ, ಎರಡನೇ ಮಹಡಿ. ನಾನು ಸೆಕ್ಯುರಿಟಿಯವರನ್ನು ಅಲ್ಲಿಗೆ ಓಡಿಸಿದೆ. ಅವರು ಹೋಗಿ ನೋಡಿದರೆ ಎಲ್ಲರೂ ಕೂತು ಟೈಪ್ ಮಾಡುತ್ತಿದ್ದಾರೆ. ಆಗ ನನಗೆ ಹೊಳೆಯಿತು. ಆ ದನಿ. ಅದು ಕೆಮಿಸ್ಟ್ರಿಯ ಅಟೆಂಡರ್ ದನಿ. 19 ವರ್ಷ ಕೇಳಿದ ದನಿ. ಪರದೆ ನಂಬಿ ಕಿವಿ ನಂಬದೆ ಹೋದೆನಲ್ಲ ಅಂತ ಈಗಲೂ ಅನ್ನಿಸುತ್ತದೆ. ಮತ್ತೆ ಅಲ್ಲಿಗೆ ಓಡಿಸಿದೆ. ನಾಲ್ಕು ನಿಮಿಷ ವ್ಯರ್ಥ. ಅಷ್ಟರಲ್ಲಿ ಅವರೇ ಮರಳಿನ ಬಕೆಟ್ ಸುರಿದು ಆರಿಸಿದ್ದರು, ಯಾರಿಗೂ ಏನೂ ಆಗಲಿಲ್ಲ.

ಇದಕ್ಕೆ ಪರಿಹಾರ ಇದೆ. ಫೋನ್ ಯಾವ ಸ್ವಿಚ್‌ನ ಯಾವ ಪೋರ್ಟಿಗೆ ಚುಚ್ಚಿದೆ ಅಂತ ಸ್ವಿಚ್‌ಗೆ ಗೊತ್ತಿರುತ್ತದೆ. ಪೋರ್ಟ್ ಯಾವ ಕೋಣೆಯ ಗೋಡೆಗೆ ಹೋಗುತ್ತದೆ ಅಂತ ಒಂದು ಪಟ್ಟಿ ಮಾಡಿ ಎರಡನ್ನೂ ಜೋಡಿಸಿದರೆ, ಕರೆ ಬಂದಾಗ ಫೋನಿನ ಹೆಸರಿನ ಜೊತೆಗೆ ಗೋಡೆಯ ಹೆಸರೂ ಬರುತ್ತದೆ. ನಾವು ಈಗ ಅದನ್ನು ಮಾಡಿಸಿದ್ದೇವೆ. ಆದರೆ ಇದು ಮೊದಲ ಒಪ್ಪಂದದಲ್ಲಿ ಇರಲಿಲ್ಲ, "ಹೆಚ್ಚುವರಿ ಕೆಲಸ" ಅಂತ ಬಿಲ್ ಬಂತು. ಲ್ಯಾಪ್‌ಟಾಪಿನಲ್ಲಿ, ಮೊಬೈಲಿನಲ್ಲಿ ಹಾಕಿಕೊಳ್ಳುವ ಸಾಫ್ಟ್‌ಫೋನಿಗೆ ಈ ಗೋಡೆಯ ಉಪಾಯ ನಡೆಯುವುದಿಲ್ಲ. ಅವು ಮನೆಯಲ್ಲೂ ಇರಬಹುದು, ಬಸ್ಸಿನಲ್ಲೂ ಇರಬಹುದು. ಹಾಗಾಗಿ ಸಾಫ್ಟ್‌ಫೋನ್ ಬೇಕು ಅಂತ ಬಂದ ಎಲ್ಲರಿಗೂ ನಾನೇ ಹೇಳಿ ಕಳಿಸುತ್ತೇನೆ. ಏನಾದರೂ ಆದರೆ ಮೊದಲು ಎಲ್ಲಿದ್ದೀರಿ ಅಂತ ಹೇಳಿ, ಆಮೇಲೆ ಏನಾಯಿತು ಅಂತ ಹೇಳಿ.

ಸುರಕ್ಷತೆಯ ಬಗ್ಗೆ ಎರಡೇ ಮಾತು. ಹಾಕಿಕೊಟ್ಟವರು ಪ್ರತಿ ಎಕ್ಸ್‌ಟೆನ್ಶನ್ನಿನ ಪಾಸ್‌ವರ್ಡ್ ಅದೇ ಎಕ್ಸ್‌ಟೆನ್ಶನ್ ನಂಬರ್ ಅಂತ ಇಟ್ಟು ಹೋಗಿದ್ದರು. ಜಗತ್ತಿನಲ್ಲಿ ಇದನ್ನೇ ಹುಡುಕಿಕೊಂಡು ತಿರುಗುವ ಪ್ರೋಗ್ರಾಮುಗಳಿವೆ. ಒಂದು ಶನಿವಾರ ರಾತ್ರಿ ನಮ್ಮ ಖಾಲಿ ಸೆಮಿನಾರ್ ಹಾಲಿನ ನಂಬರಿನಿಂದ ಬೆಳಗಿನವರೆಗೂ ವಿದೇಶಕ್ಕೆ ಕರೆ ಹೋದವು. ಲೈನ್ ಕೊಟ್ಟವರಿಗೇ ಅನುಮಾನ ಬಂದು ನಿಲ್ಲಿಸಿದರು. ಈಗ ಪಾಸ್‌ವರ್ಡ್ ಉದ್ದ, ವಿದೇಶದ ಕರೆ ಕೇಳಿದವರಿಗೆ ಮಾತ್ರ. ಇನ್ನೊಂದು, ನೆಟ್‌ವರ್ಕ್ ಹುಡುಗ ಒಂದು ದಿನ ನನ್ನದೇ ಕರೆಯೊಂದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಿಡಿದು, ವೈರ್‌ಶಾರ್ಕ್ ಅನ್ನೋ ಬಿಟ್ಟಿ ಪ್ರೋಗ್ರಾಮಿನಲ್ಲಿ ನನಗೇ ವಾಪಸ್ ಕೇಳಿಸಿದ. ನನ್ನ ಅಕ್ಕನ ಜೊತೆಗಿನ ಮಾತು! ಮುಖ ಕೆಂಪಾಯಿತು. ಅವತ್ತೇ ಗೂಢಲಿಪಿ ಹಾಕಿಸಿದೆವು. ಎಸ್‌ಆರ್‌ಟಿಪಿ ಅಂತ ಅದರ ಹೆಸರು. ಎಲ್ಲ ಫೋನುಗಳಲ್ಲೂ ಇತ್ತು, ಆನ್ ಮಾಡಿರಲಿಲ್ಲ ಅಷ್ಟೇ.

ಇಷ್ಟು ಬೈದ ಮೇಲೂ ಮೂರೂವರೆ ಯಾಕೆ? ಈ ಸಲದ ಅಡ್ಮಿಷನ್ ವಾರಕ್ಕೆ. ಚಾನೆಲ್ ಜಾಸ್ತಿ ಮಾಡಲು ಮೊದಲು ಹೊಸ ಲೈನ್ ಎಳೆಸಬೇಕಿತ್ತು, ಈಗ ಒಂದು ಪತ್ರ ಬರೆದು 30ನ್ನು 60 ಮಾಡಿಸಿದೆವು, ವಾರ ಕಳೆದ ಮೇಲೆ ಇಳಿಸಿದೆವು. ಆರು ಜನರ ಒಂದು ಗುಂಪು ಮಾಡಿ ಕರೆಗಳನ್ನು ಸರದಿಯಲ್ಲಿ ಹಂಚಿದೆವು. ಅದರಲ್ಲಿ ಇಬ್ಬರು ತಮ್ಮ ಮನೆಯಿಂದಲೇ ಕೂತು ಉತ್ತರಿಸಿದರು. ಕರೆ ಮಾಡಿದವರಿಗೆ ನಿಮ್ಮ ಮುಂದೆ ಇನ್ನು ನಾಲ್ಕು ಜನ ಇದ್ದಾರೆ ಅಂತ ಕೇಳಿಸುತ್ತಿತ್ತು. ಜನ ಕಾಯುತ್ತಾರೆ ರೀ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಬೈಯದೆ ಕಾಯುತ್ತಾರೆ. 19 ವರ್ಷದಲ್ಲಿ ಮೊದಲ ಸಲ ಅಡ್ಮಿಷನ್ ವಾರ ನನ್ನ ಗಂಟಲು ಕೆಡಲಿಲ್ಲ. ಯಾರೂ ಎತ್ತದ ಕರೆಗಳ ಸಂದೇಶ ಇಮೇಲಿಗೆ ಹೋಗುತ್ತದೆ, ಮೇಷ್ಟ್ರುಗಳು ತರಗತಿ ಮುಗಿಸಿ ಬಂದು ಕೇಳಿಕೊಳ್ಳುತ್ತಾರೆ. ಇದೂ ಚೆನ್ನ.

ನನ್ನ ಕೆಲಸ ಹೋಗುತ್ತದೆ ಅಂತ ಎಲ್ಲರೂ ಹೇಳಿದ್ದರು. ಆಪರೇಟರುಗಳನ್ನು ಕಳಿಸಲು ಹೊರಟ ಮೊದಲಿಗರಲ್ಲಿ ಆಲ್ಮನ್ ಸ್ಟ್ರೋಜರ್ ಅಂತ ಒಬ್ಬ ಅಮೆರಿಕದವ, ವೃತ್ತಿಯಲ್ಲಿ ಶವಸಂಸ್ಕಾರ ಮಾಡಿಸುವವನು. ತನಗೆ ಬರುವ ಗಿರಾಕಿಗಳ ಕರೆಯನ್ನು ಆಪರೇಟರ್ ಎದುರಾಳಿಗೆ ಕೊಡುತ್ತಿದ್ದಾಳೆ ಅನ್ನೋ ಅನುಮಾನದಲ್ಲಿ ಆಪರೇಟರೇ ಬೇಡದ ಎಕ್ಸ್‌ಚೇಂಜ್ ಕಂಡುಹಿಡಿದನಂತೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಅಲ್ಲಿಂದ ಇಲ್ಲಿಯವರೆಗೂ ನಾವು ಹೋಗುತ್ತಲೇ ಇದ್ದೇವೆ, ಇನ್ನೂ ಹೋಗಿಲ್ಲ. ಸ್ವಾಗತದ ಯಂತ್ರದ ದನಿ ಹಾಕಿದ್ದಾರೆ, ಅದಕ್ಕೆ ಇದು ಒತ್ತಿ, ಇದಕ್ಕೆ ಅದು ಒತ್ತಿ ಅಂತ ಹೇಳುತ್ತದೆ. ಅರ್ಧ ಜನ ಒಂಬತ್ತನ್ನೇ ಒತ್ತುತ್ತಾರೆ.

ಹಾಕಿಸುವವರಿಗೆ ಒಂದು ಕಿವಿಮಾತು. ಹಳೆಯ ಎಕ್ಸ್‌ಚೇಂಜನ್ನು ಅವಸರದಲ್ಲಿ ಗುಜರಿಗೆ ಹಾಕಬೇಡಿ. ನಮ್ಮದು ಇನ್ನೂ ಕೋಣೆಯ ಮೂಲೆಯಲ್ಲಿ ಒಂದು ಕಾರ್ಡಿನ ಮೇಲೆ ಓಡುತ್ತಿದೆ. ಅದರಲ್ಲಿ ಒಂದೇ ಒಂದು ಲೈನ್ ಉಳಿದಿದೆ, 214. ಡೈರಿಯಲ್ಲಿ ಅದರ ಎದುರು ಏನೂ ಬರೆದಿಲ್ಲ. ಟ್ಯಾಗ್ ಬ್ಲಾಕಿನಿಂದ ಹೊರಟ ತಂತಿ ಹಳೆಯ ಕಟ್ಟಡದ ನೆಲದೊಳಗೆ ಹೋಗುತ್ತದೆ, ಆಮೇಲೆ ಕಾಣುವುದಿಲ್ಲ. ಡಯಲ್ ಮಾಡಿದರೆ ರಿಂಗ್ ಆಗುತ್ತದೆ. ಆ ಕಡೆ ಫೋನೇ ಇಲ್ಲದಿದ್ದರೂ ಎಕ್ಸ್‌ಚೇಂಜ್ ಹಾಗೇ ರಿಂಗ್ ಕೇಳಿಸುತ್ತದೆ ಅಂತ ನೆಟ್‌ವರ್ಕ್ ಹುಡುಗ ಹೇಳುತ್ತಾನೆ, ಅದು ನನಗೂ ಗೊತ್ತು. ಕಳೆದ ವಾರ ಅವನು ಮೀಟರ್ ಹಿಡಿದು ನೋಡಿದ. ತಂತಿಯ ತುದಿಯಲ್ಲಿ ಏನೋ ಒಂದು ಇದೆಯಂತೆ. ನೆಲ ಮಾಳಿಗೆಯ ಹಳೆಯ ಲಿಫ್ಟ್ ಗುಂಡಿಯ ಬೀಗದ ಕೈ ಎಸ್ಟೇಟ್ ವಿಭಾಗದಲ್ಲಿದೆ, ಕೇಳಿದ್ದೇವೆ. ಅದು ಸಿಗುವವರೆಗೆ ಆ ಕಾರ್ಡನ್ನು ಮುಟ್ಟಬೇಡಿ ಅಂತ ಬೀರುವಿನ ಮೇಲೆ ಚೀಟಿ ಅಂಟಿಸಿದ್ದೇನೆ.